ರೊಟ್ಟಿ ಆರುವಷ್ಟು ದೂರ

"ದೂರ ಹೊಂಟೀಯೇನೋ ತಮ್ಮಾ?"

ಆ ದಿನವೂ ಅಕ್ಕ ಹಾಗೆಯೇ ಕೇಳಿದಳು. ಹೊರಟವರನ್ನು "ಎಲ್ಲಿಗೆ" ಎಂದು ಕೇಳಿದರೆ ಕೊಕ್ಕೆ ಹಾಕಿದಂತೆ. ಹೋದ ಕೆಲಸ ಕೆಡುತ್ತದೆ. ದೂರವೇ ಎಂದಷ್ಟೇ ಕೇಳಬೇಕು. (ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು.)

"ಇಲ್ಲೇ ಸೊರಬಕ್ಕೆ ಅಕ್ಕ. ಗೆಳೆಯನ ಮಗೂಗೆ ಹೆಸರಿಡ್ತಾರೆ."

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವುತ್ತಾ ನಕ್ಕಳು. "ಸೊರಬ ನಿಂಗೆ ಇಲ್ಲೇ ಆತೇನು? ಹಂಗಾರೆ ಈ ರೊಟ್ಟಿ ಆರೋದ್ರಾಗ ಬಂದ್ಬಿಡು!"

ನಾನೂ ನಗುತ್ತಾ ಹೊರಟೆ.

ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಶಿಕಾರಿಪುರದ ನಮ್ಮ ಮನೆಗೆ ಮರಳಿದವಳು, ನನ್ನನ್ನು ಸಾಕಿದವಳು ಅವಳು. ಈ ಅಂಕಣದಲ್ಲಿ ಎಷ್ಟೋ ಸಲ ನನ್ನನ್ನು ಬೈದಿದ್ದಾಳೆ. ನಿಮಗೆ ಅವಳ ಗುರುತು ಇದೆ.

ಆ ಮಧ್ಯಾಹ್ನ ಅವಳು ಅಡುಗೆಮನೆಯಲ್ಲೇ ಕುಸಿದಳಂತೆ. ಪರಿಚಯದವರೊಬ್ಬರು ಸೊರಬಕ್ಕೆ ಬಂದು ಸುದ್ದಿ ಹೇಳಿದರು. ಬಸ್ಸಿಗೆ ಕಾದೆ. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದಕ್ಕೆ ಕಾದೆ. ಮನೆ ಮುಟ್ಟಿದಾಗ ಜಗಲಿಯ ತುಂಬ ಜನ. ನನ್ನನ್ನು ಕಂಡು ಎಲ್ಲರೂ ಎದ್ದು ದಾರಿ ಬಿಟ್ಟರು.

ಅದಾಗಿ ಕೆಲವು ತಿಂಗಳು ಕಳೆದವು. ಹೋದ ವಾರ ನನ್ನ ಷಡ್ಡಕ ಚನ್ನಬಸಪ್ಪ ಬಂದಿದ್ದ. ಬೊಂಬಾಯಿಯಲ್ಲಿ ಜವಳಿ ವ್ಯಾಪಾರ. ಈ ಸಲ ಬೆಂಗಳೂರಿನ ತನಕ ವಿಮಾನದಲ್ಲಿ! ಕೇರಿಯೇ ನಮ್ಮ ಜಗಲಿಗೆ ಬಂತು.

"ಕಿವಿಗೆ ಹತ್ತಿ ಕೊಡ್ತಾರ, ಬಾಯಿಗೆ ಪೆಪ್ಪರ್‌ಮಿಂಟು ಕೊಡ್ತಾರ. ಉಂಡು ಒಂದು ನಿದ್ದಿ ತೆಗಿಯೋದ್ರಾಗ ಬೆಂಗಳೂರು ಬಂತು ನೋಡ್ರೀ!"

"ಬೆಂಗಳೂರಿಂದ ಇಲ್ಲಿಗೆ?" ನನ್ನ ಹೆಂಡತಿ ಕೇಳಿದಳು.

"ಅದಕ್ಕ ಒಂದು ರಾತ್ರಿ, ಮ್ಯಾಲೆ ಅರ್ಧ ಹಗಲು!"

ಎಲ್ಲರೂ ನಕ್ಕರು. ಆಮೇಲೆ ನಾನು ಒಂದು ಮಾತು ಕೇಳಿದೆ. "ಇಲ್ಲಿಂದ ಸೊರಬಕ್ಕೆ ವಿಮಾನದಾಗೆ ಎಷ್ಟು ಹೊತ್ತು?"

"ಸೊರಬಕ್ಕ? ಪೆಪ್ಪರ್‌ಮಿಂಟು ಕರಗೋದ್ರಾಗ ಇಳೀಬೇಕ್ರೀ!" ಎಂದವನು ನನ್ನ ಹೆಂಡತಿಯ ಮುಖ ನೋಡಿ ಮಾತು ತಿರುಗಿಸಿದ.

ಪೆಪ್ಪರ್‌ಮಿಂಟು ಕರಗುವಷ್ಟು ಹೊತ್ತು. ಅಂದರೆ ರೊಟ್ಟಿ ಆರುವುದರೊಳಗೆ. ಹಾಗೆ ಬಂದಿದ್ದರೆ ಅಕ್ಕ ಸಿಗುತ್ತಿದ್ದಳೇ? ತಾನು ಹಿತ್ತಲಿಂದ ನೀರು ತರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು ಎನ್ನುತ್ತಾಳೆ ಹೆಂಡತಿ. ಸುದ್ದಿ ಸೊರಬದ ದಾರಿ ಹಿಡಿಯುವ ಮೊದಲೇ ಎಲ್ಲ ಮುಗಿದಿತ್ತು. ಯಾವ ವಿಮಾನ ಏನು ಮಾಡೀತು? ಲೆಕ್ಕ ಸರಿಯಾಗಿಯೇ ಇದೆ. ಆದರೂ ಬಸ್ಸಿನಲ್ಲಿ ಕೂತಾಗಲೆಲ್ಲ ಅದೇ ಲೆಕ್ಕ ಮತ್ತೆ ಹಾಕುತ್ತೇನೆ.

ಮರುದಿನ ಚನ್ನಬಸಪ್ಪನನ್ನು ಬಸ್ಸು ಹತ್ತಿಸಲು ಹೊರಟೆ. ಎಷ್ಟು ಹೊತ್ತಿಗೆ ಬೆಂಗಳೂರು, ಎಷ್ಟು ಹೊತ್ತಿಗೆ ಬೊಂಬಾಯಿ ಎಂದು ಕೇರಿಯವರೆಲ್ಲ ಅವನನ್ನು ಕೇಳಿದರು. ನಾನು ಚಪ್ಪಲಿ ಮೆಟ್ಟಿ, ಅಡುಗೆಮನೆಯ ಕಡೆ ಕಿವಿಗೊಟ್ಟು, ಹೊಸ್ತಿಲಲ್ಲಿ ಸ್ವಲ್ಪ ನಿಂತೆ.

ದೂರವೇ ಎಂದು ಕೇಳುವವರು ಈ ಮನೆಯಲ್ಲಿ ಈಗ ಇಲ್ಲ.