ಟವೆಲಿನ ಕೆಳಗಿನ ವ್ಯಾಪಾರ

ಐಮಂಗಲದ ಕುರಿ ವ್ಯಾಪಾರಿ ಚಿತ್ತಯ್ಯನಿಗೆ ಬೆಲೆಯನ್ನು ಬಾಯಲ್ಲಿ ಹೇಳುವುದೆಂದರೆ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆ. ಟವೆಲಿನ ಕೆಳಗೆ ಎದುರಿನವನ ಕೈಗೆ ಕೈ ಕೊಟ್ಟು, ಒಂದಕ್ಕೆ ಒಂದು ಬೆರಳು, ಎರಡಕ್ಕೆ ಎರಡು ಎಂದು ಹಿಡಿದು ಹಿಡಿದೇ ಅವನು ಸಂತೆಯಲ್ಲಿ ಸಾವಿರ ಕುರಿ ಮಾರಿದ್ದಾನೆ. ಮಗಳು ಕೆಂಚಕ್ಕನಿಗೆ ದುರ್ಗದ ಕಾಲೇಜು ಹಾಸ್ಟೆಲಿನಲ್ಲಿ ಸೀಟು ಸಿಕ್ಕಿ, ಟ್ರಂಕು, ಬಕೆಟ್ಟು, ಚಾಪೆ ಕೊಳ್ಳಲು ಪೇಟೆಗೆ ಬಂದಾಗಲೂ ಅದೇ ಚಾಳಿ. ಮೊದಲೇ ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಟ್ರಂಕಿನ ಮುಚ್ಚಳ ಎತ್ತಿ ಕುರಿಯ ಹಲ್ಲು ನೋಡುವಂತೆ ಒಳಗೆ ಇಣುಕುತ್ತಾನೆ, ಬಕೆಟ್ಟಿನ ಬೆನ್ನು ಸವರುತ್ತಾನೆ, ಚಾಪೆಯನ್ನು ಮೂಸುತ್ತಾನೆ, ಆಮೇಲೆ ಅಂಗಡಿಯವನ ಕೈಮೇಲೆ ಟವೆಲ್ ಹೊದಿಸುತ್ತಾನೆ. "ಬಾಯಲ್ಲಿ ಹೇಳ್ರಿ ಯಜಮಾನ್ರೆ, ಇದೇನು ಕುರಿ ಸಂತೆನಾ?" ಎಂದು ಅಂಗಡಿಯವನು ಕೈ ಕಿತ್ತುಕೊಂಡರೆ, "ಬಾಯಿ ಬಿಟ್ರೆ ಪಕ್ಕದೋನಿಗೆ ಕೇಳ್ತೈತೆ. ನಡಿಯವ್ವ, ಮುಂದಿನ ಅಂಗಡಿಗೆ ಹೋಗಾಣ" ಎಂದು ಹೊರಟೇಬಿಡುತ್ತಾನೆ. ಹೀಗೆ ಪೇಟೆಯನ್ನು ಮೂರು ಸುತ್ತು ಹಾಕಿ, ಬಿಸಿಲು ನೆತ್ತಿಯಿಂದ ಇಳಿದ ಮೇಲೆ, ಮೊದಲ ಅಂಗಡಿಗೇ ವಾಪಸು ಬಂದು, ಮಗಳಿಂದ ಬೆಲೆ ಕೇಳಿಸಿ, ಎಲ್ಲವನ್ನೂ ಕೊಂಡದ್ದಾಯಿತು. ಹಾಸ್ಟೆಲಿನ ಬಾಗಿಲಲ್ಲಿ ಟ್ರಂಕು ಇಳಿಸಿದ್ದೇ, ಚಿತ್ತಯ್ಯನಿಗೆ ಬರಿದಾದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಎಷ್ಟು ವಾರಕ್ಕೊಂದ್ಸಲ ಊರಿಗೆ ಬರ್ತೀಯವ್ವ?" ಎಂದು ಕೇಳಿದ. ಜಗಲಿಯ ತುಂಬ ಹುಡುಗಿಯರು ನೋಡುತ್ತಿದ್ದರು. ಬೆಳಗಿನಿಂದ ಆ ಟವೆಲಿಗೆ ನಾಚಿ ಸಾಯುತ್ತಿದ್ದ ಕೆಂಚಕ್ಕ ಅದನ್ನು ಅವನ ಹೆಗಲಿಂದ ಎಳೆದು, ಇಬ್ಬರ ಕೈಮೇಲೂ ಹೊದಿಸಿ, ಅವನ ನಾಲ್ಕು ಬೆರಳು ಹಿಡಿದಳು. ಚಿತ್ತಯ್ಯ ಮೂರನ್ನು ಮೆಲ್ಲಗೆ ಬಿಡಿಸಿಕೊಂಡ. ಉಳಿದ ಒಂದನ್ನು ಅವಳು ಬಿಡಲಿಲ್ಲ.