ಅಕ್ಕನ ಎಡಗಡೆಯ ರಾಕ್ಷಸರು

ನನ್ನ ಅಕ್ಕ ಸಿಟಿ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವಳಿಗೆ ಬೆಣ್ಣೆ ಬ್ರೇಕ್ ಎಂದು ಅಡ್ಡಹೆಸರು. ಅವಳು ಬ್ರೇಕ್ ಒತ್ತಿದರೆ ನಿಂತವರ ಕೈಯಲ್ಲಿರುವ ಚಹಾ ಕೂಡ ತುಳುಕುವುದಿಲ್ಲ ಎಂದು ಕಂಡಕ್ಟರುಗಳು ಹೊಗಳುತ್ತಾರೆ. ಬಸ್ಸಿನಲ್ಲಿ ಚಹಾ ಹಿಡಿದುಕೊಂಡು ನಿಲ್ಲುವ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ, ಆದರೆ ಹೊಗಳಿಕೆಗೆ ಸಾಕ್ಷಿ ಯಾರು ಕೇಳುತ್ತಾರೆ? ಇಷ್ಟು ವರ್ಷದ ನೌಕರಿಯಲ್ಲಿ ಒಂದು ನಾಯಿಮರಿಗೂ ಅವಳ ಗಾಲಿ ತಾಗಿಲ್ಲ. ಬೇರೆಯವರು ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ ಎಂದು ಹೇಳಿಕೊಳ್ಳುವ ಹಾಗೆ ಇವಳು ‘ನಾನು ಯಾರಿಗೂ ತಾಗಿಲ್ಲ’ ಎಂದು ಹೇಳಿಕೊಳ್ಳುತ್ತಾಳೆ.

ಮನೆಯಲ್ಲಿ ನಾವು ಮೂವರು. ಅಕ್ಕ, ಭಾವ, ನಾನು. ಭಾವ ಟೀವಿ, ಮಿಕ್ಸಿ, ಫ್ಯಾನು ರಿಪೇರಿ ಮಾಡುವವರು. ನಾನು ಮನೆಯಲ್ಲೇ ಕೂತು ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರ ಇರುವುದು ಹಾಲಿನ ಕಿಟಕಿಯ ಪಕ್ಕ, ಟೀವಿಗೆ ಎದುರಾಗಿ. ಆದ್ದರಿಂದ ಈಗ ಹೇಳಲಿರುವುದನ್ನೆಲ್ಲ ನಾನು ಬೇಡವೆಂದರೂ ಕಣ್ಣಾರೆ ನೋಡಿದವಳು.

ಗಿರಾಕಿಯೊಬ್ಬ ರಿಪೇರಿಗೆ ಕೊಟ್ಟು ಮತ್ತೆ ಅಂಗಡಿಯ ಕಡೆ ತಲೆ ಹಾಕದೆ ಹೋದ ಗೇಮಿನ ಪೆಟ್ಟಿಗೆಯೊಂದನ್ನು ಭಾವ ಮನೆಗೆ ತಂದರು. ಅದರೊಳಗೆ ಇದ್ದದ್ದು ಒಂದೇ ಆಟ. ಎರಡು ಕತ್ತಿ ಹಿಡಿದ ಒಬ್ಬ ಮನುಷ್ಯ, ಒಂದು ಪಾಳು ಕೋಟೆ, ಕೋಣೆ ಕೋಣೆಯಲ್ಲೂ ರಾಕ್ಷಸರು. ಕೋಣೆಗೆ ಕಾಲಿಟ್ಟ ತಕ್ಷಣ ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಎಲ್ಲರನ್ನೂ ಕೊಚ್ಚಿ ಮುಗಿಸುವ ತನಕ ಮುಂದಿನ ಬಾಗಿಲು ತೆರೆಯುವುದಿಲ್ಲ. ಏಟು ಮೈಗೆ ತಾಗುವ ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ಹಾರಬೇಕು. ಬೇಗ ಹಾರಿದರೂ ಸತ್ತ, ತಡ ಮಾಡಿದರೂ ಸತ್ತ. ಭಾವ ಮೊದಲನೆಯ ಕೋಣೆಯಲ್ಲೇ ಸತ್ತು ಸತ್ತು ಸುಸ್ತಾಗಿ, “ಇದು ಸಂಸಾರಸ್ಥರು ಆಡೋ ಆಟ ಅಲ್ಲಪ್ಪ” ಎಂದು ರಿಮೋಟು ಕೆಳಗಿಟ್ಟರು. ಐವತ್ತು ದಾಟಿದ ನನ್ನ ಅಕ್ಕ ಅದನ್ನು ಎತ್ತಿಕೊಂಡಳು.

ಅಲ್ಲಿಗೆ ಮುಗಿಯಿತು. ಅವಳದು ಬೆಳಗಿನ ಪಾಳಿ. ಮಧ್ಯಾಹ್ನ ಮನೆಗೆ ಬಂದು, ಎರಡು ತುತ್ತು ಬಾಯಿಗೆ ಹಾಕಿಕೊಂಡು, ಕಿಟಕಿಯ ಪರದೆ ಎಳೆದು ಕೂತರೆ ಸಂಜೆಯ ತನಕ ಎದ್ದರೆ ಕೇಳಿ. ಹೊಲಿಗೆಗೆ ಬೆಳಕು ಬೇಕೆಂದು ನಾನು ಪರದೆ ಸರಿಸುವುದು, ರಾಕ್ಷಸರು ಕಾಣುವುದಿಲ್ಲವೆಂದು ಅವಳು ಎಳೆಯುವುದು, ಇದೇ ಜಗಳ.

“ನಿನಗೇನಕ್ಕ ಈ ವಯಸ್ಸಲ್ಲಿ ಕೊಲೆ ಮಾಡೋ ಚಪಲ?” ಎಂದೆ ಒಮ್ಮೆ.

“ಇಡೀ ಬೆಳಗ್ಗೆ ಯಾರಿಗೂ ತಾಗಬಾರದು ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಓಡಿಸ್ತೀನಿ ಕಣೇ. ಇಲ್ಲಿ ಅಡ್ಡ ಬಂದವರನ್ನೆಲ್ಲ ಕೊಚ್ಚಿದ್ರೆ ಶಭಾಷ್ ಅಂತಾರೆ. ಎಷ್ಟು ಹಾಯಾಗುತ್ತೆ ಗೊತ್ತಾ?”

ಅವಳ ಹುಚ್ಚು ನನಗೂ ಅಂಟಿಕೊಂಡಿತು. ರಾಕ್ಷಸರಿಗೆ ನಾವಿಬ್ಬರೂ ಸೇರಿ ಹೆಸರಿಟ್ಟೆವು. ಕೈಯಲ್ಲಿ ಗರಗಸ ಇದ್ದವನು ಬಡಗಿ. ಮೂರು ತಲೆಯದು ಕೂಡುಕುಟುಂಬ, ಮೂರೂ ಒಂದೊಂದು ದಿಕ್ಕಿಗೆ ಎಳೆದಾಡುತ್ತಿದ್ದವು. ಗೋಡೆಯಿಂದ ಸದ್ದಿಲ್ಲದೆ ಜಾರಿ ಇಳಿಯುವ ಕಡ್ಡಿಯಂಥವನು ನೆಂಟ, ಏಕೆಂದರೆ ಅವನು ಹೇಳದೆ ಕೇಳದೆ ಬರುತ್ತಿದ್ದ. ಅಕ್ಕ ಒಂದೊಂದೇ ಕೋಣೆ ದಾಟುತ್ತಾ ಹೋದಳು. ಕೊನೆಯ ಕೋಣೆಯ ದೊಡ್ಡ ರಾಕ್ಷಸನ ಹತ್ತಿರಕ್ಕೂ ಬಂದಳು.

ಆಮೇಲೆ ನೆಂಟ ಅವಳನ್ನು ಕೊಲ್ಲತೊಡಗಿದ. ಮೊದಲು ಲೀಲಾಜಾಲವಾಗಿ ಕತ್ತರಿಸಿ ಬಿಸಾಡುತ್ತಿದ್ದವನ ಕೈಯಲ್ಲೇ ಪದೇ ಪದೇ ಸತ್ತಳು. ಅಕ್ಕ ರಿಮೋಟನ್ನು ಬೈದಳು. ಗುಂಡಿ ಹಿಡಿದುಕೊಳ್ಳುತ್ತಿದೆ ಎಂದಳು. ಭಾವ ಅದನ್ನು ಬಿಚ್ಚಿ, ಬ್ರಷ್ಷಿನಲ್ಲಿ ಉಜ್ಜಿ, ಊದಿ, ಮತ್ತೆ ಜೋಡಿಸಿ ಕೊಟ್ಟರು. “ಇದು ಹೊಸದರ ಹಾಗಿದೆಯಲ್ಲೇ” ಎಂದರು. ಅವಳು ಭಾವನನ್ನೂ ಬೈದಳು.

ಅದೇ ದಿನಗಳಲ್ಲಿ ಅವಳ ಎಡಭುಜ ಕಪ್ಪಗೆ ಕಂದಿದ್ದನ್ನು ನೋಡಿದೆ. ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ತಾಗಿಸಿಕೊಂಡೆ ಎಂದಳು. ಮಾರನೆಯ ವಾರವೂ ಅದೇ ಭುಜ, ಅದೇ ಚೌಕಟ್ಟು. ಹುಟ್ಟಿದಾಗಿನಿಂದ ಅಂಗುಲ ಅಂಗುಲ ಅಳೆದು ಬಸ್ಸು ತೂರಿಸುವವಳಂತೆ ಮಾತಾಡುವ ಹೆಂಗಸು ಸ್ವಂತ ಮನೆಯ ಬಾಗಿಲಲ್ಲಿ ತೂರಲಾರಳೇ ಎಂದು ನಾನು ಗೇಲಿ ಮಾಡಿದೆ. ಅವಳು ನಗಲಿಲ್ಲ.

ಒಂದು ಮಧ್ಯಾಹ್ನ ನಾನು ಪ್ಯಾಂಟಿನ ಅಂಚು ಮಡಿಸುತ್ತಿದ್ದೆ. ಅಕ್ಕ ಎಂದಿನಂತೆ, “ಎಷ್ಟು ಜೀವ ಉಳಿದಿದೆ ನೋಡೇ” ಎಂದು ಕೇಳಿದಳು. ನಾನು ಎಂದಿನಂತೆ, “ಅರ್ಧ” ಎಂದೆ. ಸೂಜಿ ಕೆಳಗಿಳಿಯುವಷ್ಟರಲ್ಲಿ ನನಗೆ ಹೊಳೆಯಿತು. ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಕೆಂಪು ಪಟ್ಟಿ ಟೀವಿಯಲ್ಲಿ ಅವಳ ಕಣ್ಣೆದುರಿಗೇ ಇದೆ, ಎಡಮೂಲೆಯಲ್ಲಿ. ಇವಳು ಅದನ್ನು ನನ್ನನ್ನು ಯಾಕೆ ಕೇಳುತ್ತಾಳೆ? ಎಷ್ಟು ದಿನದಿಂದ ಕೇಳುತ್ತಿದ್ದಾಳೆ? ಮಾತಿಗೆ ಜೊತೆ ಬೇಕೆಂದು ಕೇಳುತ್ತಾಳೆ ಅಂದುಕೊಂಡಿದ್ದೆ ನಾನು. ಯಂತ್ರ ನಿಲ್ಲಿಸಿ ಅವಳ ಆಟ ನೋಡುತ್ತಾ ಕೂತೆ.

ಅವಳು ನೆಂಟನನ್ನು ಈಗ ಮತ್ತೆ ಕೊಲ್ಲುತ್ತಿದ್ದಳು. ಆದರೆ ನೋಡಿ ಕೊಲ್ಲುತ್ತಿರಲಿಲ್ಲ. ಬಾಗಿಲು ಧಡ್ ಎಂದು ಮುಚ್ಚಿದ ಸದ್ದು, ಆಮೇಲೆ ಬಡಗಿಯ ಗರಗಸ ಕರ್ರ್ ಎನ್ನುವುದು, ಆ ಸದ್ದು ನಿಂತ ಕೂಡಲೇ ಎಡಕ್ಕೆ ಒಂದು ಏಟು. ನೆಂಟ ಗೋಡೆಯಿಂದ ಇಳಿಯುವುದಕ್ಕೂ ಮುಂಚೆ ಅವಳ ಕತ್ತಿ ಖಾಲಿ ಗಾಳಿಯಲ್ಲಿ ಬೀಸುತ್ತಿತ್ತು, ನೆಂಟ ಬಂದು ಅದರ ಬಾಯಿಗೆ ಬೀಳುತ್ತಿದ್ದ. ಆ ಆಟದಲ್ಲಿ ರಾಕ್ಷಸರು ಎಷ್ಟು ಸಲ ಹುಟ್ಟಿದರೂ ಅದೇ ಜಾಗ, ಅದೇ ಗಳಿಗೆ. ಇವಳು ಇಡೀ ಕೋಟೆಯನ್ನು ಬಾಯಿಪಾಠ ಮಾಡಿದ್ದಳು.

ಹಾಗೆಯೇ ಆಟ ಗೆದ್ದಳು ಕೂಡ. ದೊಡ್ಡ ರಾಕ್ಷಸ ಕುಸಿದು ಬಿದ್ದಾಗ ಸೋಫಾದ ಮೇಲೆ ಹತ್ತಿ ನಿಂತು ಕೂಗಿದಳು. ಭಾವ ಎದುರಿನ ತಮ್ಮ ಅಂಗಡಿಯಿಂದ ಓಡಿ ಬಂದರು. “ನೋಡಿದ್ರಾ? ಕಣ್ಣು ಮಂಜಾಯ್ತು, ವಯಸ್ಸಾಯ್ತು ಅಂತಿದ್ರಲ್ಲ ಇಬ್ಬರೂ!” ಎಂದಳು. ನಾವು ಹಾಗೆ ಒಮ್ಮೆಯೂ ಅಂದಿರಲಿಲ್ಲ.

ಗೆದ್ದವರಿಗೆ ಆಟ ಇನ್ನೊಂದು ದಾರಿ ತೆರೆಯುತ್ತದೆ. ಅದೇ ಕೋಟೆ, ಅದೇ ಕೋಣೆಗಳು, ಆದರೆ ರಾಕ್ಷಸರು ಜಾಗ ಬದಲಾಯಿಸಿರುತ್ತಾರೆ. ನಾನೇ ಅದನ್ನು ಹಾಕಿಕೊಟ್ಟೆ. ಅಕ್ಕ ಮೊದಲ ಕೋಣೆಗೆ ಕಾಲಿಟ್ಟಳು. ಬಾಗಿಲು ಮುಚ್ಚಿತು. ಎಡಗಡೆಯಿಂದ ಬಡಗಿ ನಿಧಾನವಾಗಿ, ಬೀದಿಯಲ್ಲಿ ಗಾಳಿ ಸೇವನೆಗೆ ಹೊರಟವನಂತೆ ನಡೆದು ಬಂದ. ಗರಗಸ ಎತ್ತಿದ. ಅಕ್ಕ ಬಲಗಡೆಯ ಖಾಲಿ ಗೋಡೆಯನ್ನು ಕೊಚ್ಚುತ್ತಲೇ ಇದ್ದಳು. ಸತ್ತಳು. ಮತ್ತೆ ಶುರು ಮಾಡಿದಳು, ಮತ್ತೆ ಸತ್ತಳು.

“ಎಡಗಡೆ ನೋಡಕ್ಕ.”

“ಎಡಗಡೆ ಏನಿದೆ?”

“ಬಡಗಿ ಬರ್ತಿದ್ದಾನೆ. ಟೀವಿ ತುಂಬ ಅವನೇ ಇದ್ದಾನೆ.”

“ಸುಳ್ಳು ಹೇಳ್ಬೇಡ.”

ನಾನು ಎದ್ದು ಹೋಗಿ ಅವಳ ಎಡಗಿವಿಯ ಪಕ್ಕ ಕೈ ಚಾಚಿದೆ, ಬೆರಳು ಆಡಿಸಿದೆ. ಅವಳು ಟೀವಿಯನ್ನೇ ನೋಡುತ್ತಿದ್ದಳು. ಕೈಯನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ತಂದೆ. ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ ಬೆಚ್ಚಿಬಿದ್ದು, “ಏನೇ ಇದು ಹುಡುಗಾಟ?” ಎಂದಳು. ನನ್ನ ಕೈ ಅಲ್ಲಿ ಬಹಳ ಹೊತ್ತಿನಿಂದ ಇತ್ತು ಎಂದು ಹೇಳಿದೆ.

“ನಾಳೆನೇ ಆಸ್ಪತ್ರೆಗೆ ಹೋಗೋಣ. ಅಲ್ಲೀವರೆಗೆ ಬಸ್ಸು ಮುಟ್ಬೇಡ.”

“ಡಿಪೋದ ಕಣ್ಣಿನ ಪರೀಕ್ಷೆಲಿ ಪಾಸಾಗಿದ್ದೀನಿ ನಾನು!”

ಆ ಪರೀಕ್ಷೆಯ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. ಡಿಪೋದ ಗೋಡೆಯ ಮೇಲೆ ಅಕ್ಷರಗಳ ಹಲಗೆ ತೂಗುಹಾಕಿ ಯುಗವಾಗಿದೆ, ಯಾರೂ ಬದಲಾಯಿಸಿಲ್ಲ. ಹೊಸ ಡ್ರೈವರಿಗೆ ಹಳಬರು ಮೊದಲು ಕಲಿಸುವುದೇ ಆ ಅಕ್ಷರಗಳ ಸಾಲು. ಅಕ್ಕ ಅದನ್ನು ಪಾತ್ರೆ ತೊಳೆಯುವಾಗ ಹಾಡಿನಂತೆ ಗುನುಗುತ್ತಾಳೆ. ಅದನ್ನೇ ಹೇಳಿದೆ. ಅವಳು ಉರಿದುಬಿದ್ದಳು.

“ಡಿಪೋಗೆ ಗೊತ್ತಾದ್ರೆ ಸ್ಟೀರಿಂಗ್ ಕಿತ್ಕೊಂಡು ಪಾಸ್ ಕೊಡೋ ಕಿಟಕಿಲಿ ಕೂರಿಸ್ತಾರೆ. ಸಾಯೋ ತನಕ ಸೀಲು ಹೊಡೀತಾ ಕೂತಿರಲಾ? ಆಟದಲ್ಲಿ ಆ ದರಿದ್ರದವರು ಜಾಗ ಬದಲಾಯಿಸ್ತಾರೆ. ನನ್ನ ದಾರಿಲಿ ಯಾರೂ ಬದಲಾಯಿಸಲ್ಲ. ಪ್ರತಿ ಕಂಬ, ಪ್ರತಿ ಗುಂಡಿ ನನಗೆ ಗೊತ್ತು.”

ಈ ಮಾತು ಕೇಳಿ ನನಗೆ ಬಡಗಿ ಅವಳಿಗೆ ಕಾಣದೆ ಹೋದಾಗ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇಷ್ಟು ದಿನ ಇವಳು ಬಸ್ಸನ್ನೂ ಹಾಗೆಯೇ ಓಡಿಸುತ್ತಿದ್ದಾಳೆ ಎಂದು ಆಗ ಅರ್ಥವಾಯಿತು. ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲಿಸಲಿಲ್ಲ ಎಂದು ಇತ್ತೀಚೆಗೆ ಪ್ರಯಾಣಿಕರು ದೂರು ಕೊಡುತ್ತಿದ್ದರು. ಅಕ್ಕ ಅವರನ್ನು ಸುಳ್ಳುಬುರುಕರು ಎಂದು ಮನೆಯಲ್ಲಿ ಕೂತು ಜರೆಯುತ್ತಿದ್ದಳು. ಕೊನೆಗೆ ನಾನು ಕಡ್ಡಿ ಮುರಿದಂತೆ ಹೇಳಿದೆ: ನಾಳೆ ನಿನ್ನ ಬಸ್ಸಿಗೆ ಬರುತ್ತೇನೆ, ಒಂದೇ ಒಂದು ಟ್ರಿಪ್ಪು. ನನಗೆ ಸಮಾಧಾನವಾಗದಿದ್ದರೆ ನೀನಾಗಿ ಇಳಿಯಬೇಕು, ಇಲ್ಲವಾದರೆ ಡಿಪೋಗೆ ನಾನೇ ಹೋಗುತ್ತೇನೆ. ಅಕ್ಕ, “ಬಾ, ಬಂದು ನೋಡು” ಎಂದಳು.

ಬೆಳಗ್ಗೆ ಮುಂದಿನ ಸೀಟಿನಲ್ಲಿ, ಅವಳ ಎಡಗಡೆಗೆ ಕೂತೆ. ದೇವರಾಣೆಗೂ ಅವಳು ಚೆನ್ನಾಗಿ ಓಡಿಸಿದಳು. ಒಂದು ತಿರುವಿನಲ್ಲೂ ನಮ್ಮ ಮೈ ವಾಲಲಿಲ್ಲ. ಗುಂಡಿ ಬರುವ ಮುಂಚೆಯೇ ನಿಧಾನ ಮಾಡಿದಳು. ಸ್ಟಾಪುಗಳಲ್ಲಿ ಕತ್ತು ತಿರುಗಿಸಿ ಬಾಗಿಲು ನೋಡಿ ಗೇರು ಹಾಕಿದಳು. ‘ನೋಡಿದೆಯಾ?’ ಎಂಬಂತೆ ಕನ್ನಡಿಯಲ್ಲಿ ನನ್ನತ್ತ ಹುಬ್ಬು ಹಾರಿಸಿದಳು. ನಾನೇ ತಪ್ಪು ತಿಳಿದೆನೇನೋ ಅನ್ನಿಸಿ ಮನಸ್ಸು ಹಗುರವಾಯಿತು.

ಮಾರುಕಟ್ಟೆಯ ರಸ್ತೆಯಲ್ಲಿ ಅವಳು ಬಸ್ಸನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು, ಸ್ವಲ್ಪ ದೂರ ಹಾಗೆಯೇ ಹೋಗಿ ಮತ್ತೆ ಎಡಕ್ಕೆ ತಂದಳು.

“ಯಾಕೆ ಸರಿಸಿದೆ?” ಎಂದೆ.

“ಹಣ್ಣಿನ ಗಾಡಿ ನಿಂತಿರುತ್ತಲ್ಲ, ಅದಕ್ಕೆ.”

ಅಲ್ಲಿ ಗಾಡಿ ಇರಲಿಲ್ಲ. ಅಂಗಡಿಗಳ ಬಾಗಿಲೂ ತೆರೆದಿರಲಿಲ್ಲ. ಇಲ್ಲದ ಗಾಡಿಗೆ ಅವಳು ದಾರಿ ಬಿಟ್ಟಿದ್ದಳು. ಬಸ್ಸು ಆಗಲೇ ತುಂಬಿತ್ತು. ಹಿಂದೆ ಯಾರೋ ಫೋನಿನಲ್ಲಿ ನಗುತ್ತಿದ್ದರು, ಕಂಡಕ್ಟರು ಚಿಲ್ಲರೆ ಕೇಳುತ್ತಿದ್ದ. ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಿ ಇಳಿ ಎಂದು ಹೇಳಲು ಬಾಯಿ ತೆರೆದೆ.

ಆ ಸ್ಟಾಪು ಅದರ ಜಾಗದಲ್ಲಿ ಇರಲಿಲ್ಲ. ನೀರಿನ ಪೈಪು ಹಾಕಲು ಫುಟ್‌ಪಾತು ಅಗೆದಿದ್ದರು. ಮಣ್ಣಿನ ಗುಡ್ಡೆಯ ಈಚೆಗೆ, ಇಸ್ತ್ರಿ ಅಂಗಡಿಯ ಮುಂದೆ, ಜನ ನಿಲ್ಲಲು ಜಾಗವಿಲ್ಲದೆ ರಸ್ತೆಗೇ ಇಳಿದು ನಿಂತಿದ್ದರು. ಎಲ್ಲರೂ ಎಡಗಡೆ. ಬಸ್ಸು ಕಂಡು ಕೈ ಎತ್ತಿದರು. ಅಕ್ಕ ನಿಧಾನ ಮಾಡಲಿಲ್ಲ. ಅವಳ ಕಣ್ಣು ಸ್ಟಾಪಿನ ಹಳೆಯ ಕಂಬದ ಮೇಲಿತ್ತು, ಅದು ಇನ್ನೂ ಮುಂದಿತ್ತು. ಎತ್ತಿದ ಕೈಗಳು ನನ್ನ ಗಾಜಿನ ಹತ್ತಿರಕ್ಕೆ ಬಂದವು. ಒಬ್ಬಾಕೆ ಮಗುವನ್ನು ಎತ್ತಿಕೊಂಡಿದ್ದಳು, ಹಿಂದೆ ಸರಿಯಲು ಅವಳಿಗೆ ಜಾಗವಿರಲಿಲ್ಲ.

“ಅಕ್ಕಾ, ನಿಲ್ಸು!”

ಬೆಣ್ಣೆ ಬ್ರೇಕ್ ಅಲ್ಲ ಅದು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಹಣೆ ಕಂಬಿಗೆ ಬಡಿಯಿತು. ಹೊರಗೆ ಒಬ್ಬ ಮನುಷ್ಯ ಎರಡೂ ಅಂಗೈಗಳನ್ನು ಬಸ್ಸಿನ ಮುಂದಿನ ಗಾಜಿಗೆ ಒತ್ತಿ ನಿಂತಿದ್ದ, ತಾನೇ ಬಸ್ಸನ್ನು ತಡೆದವನಂತೆ. ಅವನ ಬೆನ್ನಿಗೆ ಆ ತಾಯಿ, ಅವಳ ಹೆಗಲಲ್ಲಿ ಮಗು. ಯಾರಿಗೂ ಏನೂ ಆಗಿರಲಿಲ್ಲ.

ಅಕ್ಕ ನನ್ನತ್ತ ಸಿಟ್ಟಿನಿಂದ ನೋಡಿದಳು. “ಯಾಕೆ ಹಾಗೆ ಕಿರುಚಿದೆ? ಯಾರೂ ಇಲ್ವಲ್ಲ?”

ನಾನು ಅವಳ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದೆ, ಚಿಕ್ಕ ಮಕ್ಕಳಿಗೆ ತಲೆ ಬಾಚುವಾಗ ತಿರುಗಿಸುವ ಹಾಗೆ. ಅವಳು ಬಿಡಿಸಿಕೊಳ್ಳಲಿಲ್ಲ. ಗಾಜಿನ ಮೇಲಿನ ಅಂಗೈಗಳನ್ನು ನೋಡಿದಳು. ಆ ಮನುಷ್ಯನನ್ನು ನೋಡಿದಳು. ತಾಯಿ, ಮಗು, ಅವರ ಹಿಂದೆ ಬಾಯಿ ಬಿಟ್ಟುಕೊಂಡು ನಿಂತ ಇಡೀ ಸಾಲು, ಒಬ್ಬೊಬ್ಬರನ್ನೇ ನೋಡುತ್ತಾ ಹೋದಳು. ಎಂಜಿನ್ ಆರಿಸಿದಳು.

“ಇವರೆಲ್ಲ,” ಎಂದಳು ಮೆಲ್ಲಗೆ, “ಯಾವಾಗಿನಿಂದ ಅಲ್ಲಿದ್ರು?”