ಅಡುಗೆಯವಳ ಪರವಾಗಿ ಬರೆದ ಸಮಜಾಯಿಷಿ

ಕುಂದಾಪುರದ ಹತ್ತಿರದ ಒಂದು ಕಾಲೇಜಿನ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ನಾನು ಹನ್ನೊಂದು ವರ್ಷ ವಾರ್ಡನ್ ಆಗಿದ್ದೆ. ಐದಕ್ಕೆ ಏಳುವುದು, ಏಳೂವರೆಗೆ ತಿಂಡಿ, ಮಧ್ಯಾಹ್ನ ಹನ್ನೆರಡಕ್ಕೆ ಕೋಣೆಗಳ ತಪಾಸಣೆ. ನಿವೃತ್ತಿಯಾಗಿ ಬ್ರಹ್ಮಾವರಕ್ಕೆ ಬಂದ ಮೇಲೂ ಹನ್ನೆರಡು ಹೊಡೆದರೆ ಎದ್ದು ನಿಲ್ಲುತ್ತೇನೆ. ಆಗ ಸುಟ್ಟ ಒಣ ಸಿಗಡಿಯ ವಾಸನೆ ಬರುತ್ತದೆ. ನಮ್ಮ ಮನೆಗೆ ಮೀನು ತರುವುದಿಲ್ಲ. ಅಕ್ಕಪಕ್ಕದಲ್ಲೂ ಯಾರೂ ಸುಡುತ್ತಿರುವುದಿಲ್ಲ.

ಹಾಸ್ಟೆಲಿನಲ್ಲಿದ್ದಾಗ ಒಂದು ದಿನ ತಪಾಸಣೆಯ ಹೊತ್ತಿನಲ್ಲಿ ಆ ವಾಸನೆ ನಿಜವಾಗಿಯೂ ಬಂದಿತ್ತು. ನಮ್ಮದು ಸಸ್ಯಾಹಾರಿ ಹಾಸ್ಟೆಲ್. ಅಡುಗೆಮನೆಗೆ ಮೀನು, ಮಾಂಸ ತರಕೂಡದು ಎಂದು ನಿಯಮಾವಳಿಯಲ್ಲಿತ್ತು. ನಾನು ಯಾರನ್ನೂ ವಿಚಾರಿಸಲಿಲ್ಲ. ಕಚೇರಿಗೆ ಹೋಗಿ ನಿಯಮದ ಸಾಲನ್ನೇ ನಕಲು ಮಾಡಿ, ಅಡುಗೆಮನೆಗೆ ಮೀನು ತಂದದ್ದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ಕೊಡಬೇಕೆಂದು ಅಡುಗೆಯವಳಿಗೆ ನೋಟಿಸ್ ಬರೆದೆ. ಒಂದು ಪ್ರತಿ ಆಡಳಿತ ಮಂಡಳಿಗೆ ಹೋಯಿತು. ಆಮೇಲೆ ಅವಳನ್ನು ಕರೆಸಿದೆ.

ಗಂಗೊಳ್ಳಿಯವಳು. ಗಂಡ ದೋಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಹಾಸ್ಟೆಲಗಿಪ್ಪ ಆ ಬೀಜಾಡಿ ಊರಿನ ಹೆಣ್ಣಿಗೆ ಜ್ವರ ಬಂದ್ ನಾಲ್ಕ್ ದಿನ ಆಯ್ತ್ ಮೇಡಂ, ಗಂಜಿ ಮುಟ್ಟುದಿಲ್ಲ. ನಾ ಮನಿಯಿಂದ ಸಿಗಡಿ ಚಟ್ನಿ ಒಂಚೂರ್ ಡಬ್ಬಿಯಗೆ ತಕಂಬಂದೆ. ಹಿಂದ್ಗಡೆ ಮೆಟ್ಲ್ ಮೇಲೆ ಕೂರ್ಸಿ ಕೊಟ್ಟೆ. ಎರಡ್ ಬಟ್ಲ್ ಗಂಜಿ ಉಂಡ್ತ್ ಕಾಣಿ! ಅಡ್ಗಿಮನಿ ಒಳ್ಗೆ ತಕಂಡ್ ಹೋಪುಕೆ ನಂಗೆಂತ ಮರ್ಲಾ, ತಲಿ ಸಮ ಇಲ್ಯಾ?"

"ಅದನ್ನೆಲ್ಲ ಬರೆದು ಕೊಡಬೇಕು" ಎಂದೆ.

"ನಂಗೆ ಬರಿಯುಕೆ ಎಲ್ಲ್ ಬತ್ತ್? ನೀವೇ ಬರ್ದ್ ಕೊಡಿ."

ಸಮಜಾಯಿಷಿಗೆ ನಾನು ಕಲಿತ ಕ್ರಮವೊಂದಿತ್ತು. ಮೊದಲು ನೋಟಿಸಿನ ಸಾಲು, ಆಮೇಲೆ ತಪ್ಪೊಪ್ಪಿಗೆ, ಕೊನೆಗೆ ಕ್ಷಮಾಯಾಚನೆ. ಕೈ ಆ ಕ್ರಮದಲ್ಲೇ ಓಡಿತು. 'ಅಡುಗೆಮನೆಗೆ ಮೀನು ತಂದದ್ದು ನಿಜ. ತಪ್ಪಾಯಿತು, ಕ್ಷಮಿಸಬೇಕು.' ಮೆಟ್ಟಿಲು, ಜ್ವರ, ಗಂಜಿ ಯಾವುದೂ ಕಾಗದಕ್ಕೆ ಬರಲಿಲ್ಲ.

"ಓದಿ ಸಹಿ ಮಾಡು."

"ನೀವ್ ಬರ್ದದ್ದನ್ನ ನಾ ಓದುದಾ? ಮಕ್ಕಳ ಕಾಗ್ದ ಓದಿ ತಿದ್ದುದ್ ನೀವ್, ನಾನಲ್ಲ" ಎಂದು ನಕ್ಕು ಸಹಿ ಹಾಕಿದಳು.

ಮಂಡಳಿಯ ಸಭೆಯಲ್ಲಿ ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು. ಆಗಲೇ ಆ ಸಾಲು ನನ್ನ ಕಿವಿಗೆ ಬಿದ್ದದ್ದು.

"ಹೊರಗೆ ಎಲ್ಲೋ ಕೊಟ್ಟಿದ್ರೆ ಎಚ್ಚರಿಕೆ ಕೊಟ್ಟು ಬಿಡಬಹುದಿತ್ತು. ಅಡುಗೆಮನೆಗೇ ತಂದಿದ್ದಾಳೆ, ಒಪ್ಪಿಕೊಂಡೂ ಇದ್ದಾಳೆ. ಇಟ್ಟುಕೊಳ್ಳುವುದು ಹೇಗೆ?" ಎಂದು ಅವರು ಕನ್ನಡಕ ತೆಗೆದು ನನ್ನತ್ತ ನೋಡಿದರು.

ನಾನು ಬಾಯಿ ಬಿಟ್ಟರೆ ನೋಟಿಸೂ ತಪ್ಪು, ಸಮಜಾಯಿಷಿಯೂ ತಪ್ಪು. ಎರಡೂ ನನ್ನ ಕೈಬರಹ. ಹನ್ನೊಂದು ವರ್ಷದಲ್ಲಿ ನನ್ನ ಫೈಲು ಒಮ್ಮೆಯೂ ತಿದ್ದುಪಡಿಗೆ ವಾಪಸು ಬಂದಿರಲಿಲ್ಲ. ಮೇಜಿನ ಮೇಲಿದ್ದ ಮುಂದಿನ ಫೈಲನ್ನು ಅವರತ್ತ ಸರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮುಂದಿನ ವಿಷಯಕ್ಕೆ ಹೋದರು.

ಈಗಲೂ ಪಾತ್ರೆ ಒರೆಸುವಾಗ, ಬಟ್ಟೆ ಮಡಚುವಾಗ ಸಭೆಯ ಆ ಮೇಜು ಎದುರಿಗೆ ಬರುತ್ತದೆ. ಕನ್ನಡಕ ಅವರ ಕೈಯಲ್ಲಿರುತ್ತದೆ. ನಾನು ಬಾಯಿ ತೆರೆಯುತ್ತೇನೆ. ಒಮ್ಮೆ ಗಟ್ಟಿಯಾಗಿಯೇ "ಮೆಟ್ಟಿಲ ಮೇಲೆ" ಎಂದುಬಿಟ್ಟೆ. ಕೆಲಸದವಳು ಮೆಟ್ಟಿಲು ಗುಡಿಸಲು ಹೋದಳು.

ಅಡುಗೆಮನೆ ಮೈಲಿಗೆ ಮಾಡಿದವಳು ಎಂಬ ಮಾತು ಹಬ್ಬಿ, ಬೇರೆ ಯಾವ ಹಾಸ್ಟೆಲಿನಲ್ಲೂ ಅವಳಿಗೆ ಕೆಲಸ ಸಿಗಲಿಲ್ಲವೆಂದು ಕೇಳಿದೆ. ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸ ಹಿಡಿದಳು. ಬೆಳಗಿನಿಂದ ನಿಂತೇ ಇರುವ ಕೆಲಸ.

ಕಳೆದ ತಿಂಗಳು ಬೈಂದೂರಿಗೆ ಹೋಗಲು ಕುಂದಾಪುರದಲ್ಲಿ ಬಸ್ಸು ಹತ್ತಿದೆ. ಸೀಟಿರಲಿಲ್ಲ.

"ಹ್ವಾಯ್ ಮೇಡಂ! ಬನ್ನಿ, ಇಲ್ಲ್ ಕೂಕಣಿ." ಅವಳೇ. ಕಾಲು ಊದಿತ್ತು. ಬೇಡವೆಂದರೂ ಕೇಳದೆ ಎದ್ದು ನನ್ನನ್ನು ಕೂರಿಸಿದಳು. ಪಕ್ಕದ ಹೆಂಗಸಿಗೆ ಹೇಳಿದಳು: "ನಮ್ಮ್ ಮೇಡಂ. ಆವತ್ತ್ ನನ್ನ್ ಕೆಲ್ಸ ಹೋತ್ತಂಬುವಾಗ ಪಾಪ, ಕಾಗ್ದ ಬರ್ದ್ ಕೊಟ್ಟದ್ದ್ ಇವ್ರೇ. ಇವ್ರೊಬ್ರೇ ನನ್ನ್ ಬದಿಗೆ ಇದ್ದದ್ದ್."

ತ್ರಾಸಿಯಲ್ಲಿ ಇಳಿಯುವವರೆಗೂ ಅವಳು ಕಂಬಿ ಹಿಡಿದು ನಿಂತೇ ಇದ್ದಳು. ಒಂದು ಮಾತು ಹೇಳಲು ಅದು ಬೇಕಾದಷ್ಟು ಹೊತ್ತು.

"ಬತ್ತೆ ಮೇಡಂ" ಎಂದಳು.

"ಹೋಗಿ ಬಾ" ಎಂದೆ.